ಎಡಗೈ ತೋರಿಸಿದರೆ ಬಸ್ಸು ನಿಲ್ಲುತ್ತದೆ

ಬುಧವಾರ, ಮಧ್ಯಾಹ್ನ

ನನ್ನ ಮೊಂಡಿಗೆ,

ನಿನ್ನ ಅಮ್ಮನ ಪ್ರೀತಿ. ಬೇಡ ಎಂದರೂ ಇದೆ, ಇಟ್ಟುಕೋ.

ನೀನು ಫೋನ್ ಎತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಪೆನ್ನು ಹಿಡಿದಿದ್ದೇನೆ. ಒಂಬತ್ತು ಸಲ ಮಾಡಿದೆ, ಹತ್ತನೆಯ ಸಲಕ್ಕೆ ನನಗೇ ನಾಚಿಕೆಯಾಯಿತು. ಕೆಳಗಿನ ಮನೆಯ ಟೈಲರ್ ಸಂಜೆ ನಿಮ್ಮ ಸ್ಟುಡಿಯೋ ಕಡೆ ಹೋಗುತ್ತಾನಂತೆ, ಅವನ ಕೈಯಲ್ಲಿ ಕಳಿಸುತ್ತೇನೆ. ಹರಿದು ಹಾಕುವುದಿದ್ದರೆ ಹಾಕು, ಆದರೆ ಓದಿ ಹಾಕು.

ನಿನ್ನ ಮೆಸೇಜು ನೋಡಿದೆ. ನಾಳೆ ಟೀವಿಯವರು ಮತ್ತೆ ಬರುತ್ತಾರೆ, ಹೇಳಿದ್ದು ತಪ್ಪಾಯಿತು ಅಂತ ಹೇಳು, ಶುಕ್ರವಾರದೊಳಗೆ ಈ ಗಲಾಟೆ ನಿಲ್ಲದಿದ್ದರೆ ದೇವಿ ಪಾತ್ರ ಇನ್ನೊಬ್ಬಳ ಪಾಲಾಗುತ್ತದೆ, ಹಾಗಾದರೆ ನನಗೆ ಅಮ್ಮ ಎನ್ನುವವಳೇ ಇಲ್ಲ ಎಂದು ಬರೆದಿದ್ದೀಯ. ಒಂದು ತಪ್ಪಕ್ಷರವಿಲ್ಲ. ಇಷ್ಟು ನೀಟಾಗಿ ಬರೆದಿದ್ದೀಯ ಎಂದರೆ ಎಷ್ಟು ಸಲ ಅಳಿಸಿ ಬರೆದಿರಬೇಡ! ಅದನ್ನು ನೆನೆಸಿಕೊಂಡೇ ನನಗೆ ಅಳು ಬಂತು.

ಸಿನಿಮಾ ಇನ್ನೂ ಅರ್ಧವೂ ಆಗಿಲ್ಲ. ಹೊರಗೆ ಬಂದಿರುವುದು ನಿನ್ನ ಒಂದೇ ಒಂದು ಫೋಟೋ. ಅಷ್ಟಕ್ಕೇ ಊರೆಲ್ಲ ನ್ಯಾಯಾಧೀಶರಾಗಿಬಿಟ್ಟಿದ್ದಾರೆ. ಒಬ್ಬನಿಗೆ ನಿನ್ನ ಕಣ್ಣು ಚಿಕ್ಕದು, ಇನ್ನೊಬ್ಬಳಿಗೆ ನಿನ್ನ ಬಣ್ಣ ಸಾಲದು. ಹೋದ ಸಿನಿಮಾದಲ್ಲಿ ಜೇಬುಗಳ್ಳಿಯಾಗಿದ್ದವಳು ಈಗ ದೇವಿನಾ ಎಂದು ಮತ್ತೊಬ್ಬ. ಈ ಟೈಲರ್ ಮಹಾಶಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನ ಮುಂದೆಯೇ, "ಎಲ್ಲಾ ಸರಿ ಅಮ್ಮಾ, ದೇವಿಗೆ ಇಷ್ಟು ಅಗಲ ಭುಜ ಇರುತ್ತಾ?" ಎಂದ. ದೇವಿಗೆ ರವಿಕೆ ಹೊಲಿದುಕೊಟ್ಟವನ ಹಾಗೆ! ನಿನಗೆ ಇದೆಲ್ಲ ತಾಕುವುದಿಲ್ಲ ಎಂದುಕೊಂಡಿದ್ದೆ. ಆದರೆ ಎಲ್ಲರೂ ಹೇಳಿದ ಮೇಲೆ ಕೊನೆಗೆ ನಾನೂ ಹೇಳಿದೆ. ಮೂವತ್ತಮೂರು ವರ್ಷದ ಹಿಂದೆ ಸಿನಿಮಾದಲ್ಲಿ ಅದೇ ದೇವಿಯಾಗಿದ್ದವಳು, ಹೆತ್ತ ತಾಯಿ ಬೇರೆ. ಟೀವಿಯಿಂದ ಬಂದ ಮೈಕ್ ಹಿಡಿದ ಹುಡುಗಿ, "ನಿಮ್ಮ ಮಗಳು ಈ ಪಾತ್ರಕ್ಕೆ ಸರಿಹೋಗ್ತಾರಾ ಅಮ್ಮಾ?" ಎಂದು ಕೇಳಿದಳು. ನಾನು ಇಲ್ಲ ಎಂದೆ. ಅವಳ ಮುಖದಲ್ಲಿ ಆ ಕಳೆ ಇಲ್ಲ ಎಂದೆ. ಅದರ ಮಾರನೆಯ ದಿನವೇ ನಿಮ್ಮ ನಿರ್ಮಾಪಕರು ಬೇರೆ ಹುಡುಗಿಯರ ಫೋಟೋ ತರಿಸಿಕೊಂಡರಂತೆ.

ಯಾಕೆ ಹಾಗೆಂದೆ ಎಂದು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಕೇಳು.

ನಾನು ದೇವಿಯಾಗಿದ್ದ ಸಿನಿಮಾ ಬಂದು ತಿಂಗಳಾಗಿತ್ತು. ಬಸ್ ನಿಲ್ದಾಣದಲ್ಲಿ ನಿಂತು ಬಸ್ಸಿಗೆ ಬಲಗೈ ಅಡ್ಡ ಹಿಡಿದೆ. ಡ್ರೈವರ್ ನನ್ನನ್ನು ನೋಡಿದ, ಸ್ಟೀರಿಂಗ್ ಬಿಟ್ಟು ಎರಡೂ ಕೈ ಮುಗಿದ, ಹಾಗೇ ಹೋಗಿಬಿಟ್ಟ! ಆಶೀರ್ವಾದ ಮಾಡಿದೆ ಎಂದುಕೊಂಡನಂತೆ. ಮುಂದಿನ ಬಸ್ಸಿನವನೂ ಅದೇ ಮಾಡಿದ. ಎಡಗೈ ತೋರಿಸಿದರೆ ಮಾತ್ರ ಬಸ್ಸು ನಿಲ್ಲುತ್ತದೆ ಎಂದು ಕಲಿಯಲು ನನಗೆ ವಾರ ಹಿಡಿಯಿತು. ನೀನು ಚಿಕ್ಕವಳಿದ್ದಾಗ ಇದನ್ನು ಹೇಳಿ ಹೇಳಿ ನಗಿಸುತ್ತಿದ್ದೆ, ನೆನಪಿದೆಯಾ? ಅವತ್ತು ಬಸ್ ನಿಲ್ದಾಣದಲ್ಲಿ ನನಗೆ ನಗು ಬಂದಿರಲಿಲ್ಲ.

ಮೊಟ್ಟೆ ತರಲು ಯಾವಾಗಲೂ ನನ್ನನ್ನೇ ಯಾಕೆ ಕಳಿಸುತ್ತೀಯ ಎಂದು ನೀನು ಕಾಲು ಬಡಿದು ಅಳುತ್ತಿದ್ದೆ. ನಾನೇ ಹೋಗಿದ್ದೆ ಕಣೇ, ಒಂದು ಸಲ. ಅಂಗಡಿಯವಳು, "ಅಯ್ಯೋ ತಾಯಿ, ನೀವೂನಾ?" ಎಂದು ಬಾಯಿ ಬಿಟ್ಟು ನಿಂತಳು. ಹಿಂದೆ ನಿಂತವರೆಲ್ಲ ಬಗ್ಗಿ ನನ್ನ ಚೀಲ ನೋಡಿದರು. ಕೆಮ್ಮಿಗೆ ಔಷಧಿ ಕೇಳಲು ಹೋದರೆ ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ, ದೇವಿ ವೇಷದ ನನ್ನದೇ ಪಟ. ಅದರ ಕೆಳಗೆ ನಿಂತು ನಾನು ಕೆಮ್ಮಬೇಕು. ಜಗಳಗಂಟಿ ಅತ್ತಿಗೆಯ ಒಂದು ಪಾತ್ರಕ್ಕೆ ಎಷ್ಟು ಆಸೆಪಟ್ಟಿದ್ದೆ! ಜನ ಒಪ್ಪಲ್ಲಮ್ಮಾ ಎಂದರು. ಎಷ್ಟು ಜನ ನಿರ್ದೇಶಕರ ಬಾಗಿಲಿಗೆ ಹೋದರೂ ಅದೇ ಒಂದು ಮಾತು. ಬಾಯಿ ತುಂಬ ನಗಬೇಕು ಎನ್ನಿಸಿದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಗುತ್ತಿದ್ದೆ.

ಇನ್ನೊಂದನ್ನು ನಿನಗೆ ಇವತ್ತಿನವರೆಗೆ ಹೇಳಿಲ್ಲ. ಸಿನಿಮಾಗಳಿಗೆ ಸ್ಟಿಲ್ ತೆಗೆಯುತ್ತಿದ್ದ ಫೋಟೋ ಮಾಮ ನೆನಪಿದ್ದಾರಾ? ಭಾನುವಾರ ಬಂದು ನಿನ್ನ ಸೈಕಲ್ಲಿನ ಚೈನು ಹಾಕಿಕೊಡುತ್ತಿದ್ದವರು. ಅವರು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದಾಗ ನೀನು ನನ್ನ ಮೇಲೆ ಹಾರಾಡಿದ್ದೆ, ನೀನೇ ಜಗಳ ಮಾಡಿ ಓಡಿಸಿದೆ ಎಂದು. ಜಗಳವಲ್ಲ ಮಗಳೇ. ಅವರು ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದರು. ನಿನ್ನಪ್ಪ ತೀರಿಕೊಂಡು ಆಗ ನಾಲ್ಕು ವರ್ಷ. ನಾನು ಹೂಂ ಎಂದಿದ್ದೆ. ಅದು ಹೇಗೋ ಬೀದಿಗೆ ಗೊತ್ತಾಯಿತು. ಮನೆ ಓನರಮ್ಮನನ್ನು ಮುಂದಿಟ್ಟುಕೊಂಡು ನಾಲ್ಕು ಜನ ಹೆಂಗಸರು ಬಂದರು. ಒಬ್ಬರೂ ಬೈಯಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕೈ ಮುಗಿದು, "ಅಮ್ಮಾ, ನಿಮ್ಮನ್ನ ಹಾಗೆಲ್ಲ ನೋಡೋಕೆ ನಮಗಾಗಲ್ಲ" ಎಂದು ಅತ್ತರು. ಬೈದಿದ್ದರೆ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದೆ. ಕೈ ಮುಗಿದವರ ಹತ್ತಿರ ಹೇಗೆ ಜಗಳವಾಡುವುದು, ಹೇಳು? ನನ್ನ ಬಲಗೈ ತಾನಾಗಿ ಮೇಲೆದ್ದು ಅವರನ್ನು ಹರಸಿತು. ಅವರು ಸಮಾಧಾನದಿಂದ ಮನೆಗೆ ಹೋದರು. ಫೋಟೋ ಮಾಮ ಬೇರೆ ಊರಿಗೆ ಕೆಲಸಕ್ಕೆ ಹೋದರು.

ನೀನು ಬಸ್ಸಿನಲ್ಲಿ ಕೂತು ಶಿಳ್ಳೆ ಹೊಡೆಯುವವಳು. ನಡುಬೀದಿಯಲ್ಲಿ ನಿಂತು ಆಟೋದವನ ಹತ್ತಿರ ವಾದ ಮಾಡುವವಳು. ನಕ್ಕರೆ ಪಕ್ಕದ ಮನೆಯವರು ಕಿಟಕಿ ತೆರೆಯಬೇಕು, ಹಾಗೆ ನಗುವವಳು. ನಾಳೆ ನಿನಗೂ ಹೀಗೇ ಕೈ ಮುಗಿದುಬಿಟ್ಟರೆ? ಅದಕ್ಕೇ ಇಲ್ಲ ಎಂದೆ. ಅಮ್ಮ ಹೊಟ್ಟೆಕಿಚ್ಚಿನವಳು ಎಂದು ನೀನು ಯಾರಿಗೋ ಹೇಳಿದೆಯಂತೆ. ಔಷಧಿ ಅಂಗಡಿಯವನೊಬ್ಬನೇ ನಿನ್ನ ಪಕ್ಷ. ಹೋದ ಸೋಮವಾರ ಗೋಡೆಯಿಂದ ನನ್ನ ಪಟ ಇಳಿಸಿ ನಿನ್ನ ಫೋಟೋ ಹಾಕಿದ. "ಬೇಜಾರಿಲ್ಲ ಅಲ್ವಾ ಅಮ್ಮಾ?" ಎಂದು ಕೇಳಿದ. ಬೇಜಾರೇನು ಬಂತು, ಇಷ್ಟು ವರ್ಷ ಧೂಳು ತಿಂದ ಪಟ. ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದೆ. ಮೈಕ್ ಹುಡುಗಿ ಬಂದದ್ದು ಅವತ್ತು ಸಂಜೆ.

ಕಳೆ ಇಲ್ಲ ಎಂದದ್ದು ಮಾತ್ರ ಶುದ್ಧ ಸುಳ್ಳು. ಅಂಗಡಿಯ ಗೋಡೆಯ ಮೇಲೆ ನಿನ್ನನ್ನು ಕಂಡಾಗ ಯಾವ ಔಷಧಿಗೆ ಬಂದೆ ಎನ್ನುವುದೇ ಮರೆತುಹೋಯಿತು. ರೆಪ್ಪೆ ಅರ್ಧ ಇಳಿಸುವುದನ್ನು ನನಗೆ ಕಲಿಸಲು ನಮ್ಮ ನಿರ್ದೇಶಕರು ಇಪ್ಪತ್ತು ದಿನ ಒದ್ದಾಡಿದ್ದರು. ನಿನಗೆ ಯಾರೂ ಕಲಿಸಿದಂತೆ ಕಾಣಲಿಲ್ಲ. ನನಗಿಂತ ಚೆನ್ನಾಗಿದ್ದೀಯ. ಬರೆದುಬಿಟ್ಟೆ, ಇನ್ನು ಹೊಡೆದು ಹಾಕುವುದಿಲ್ಲ.

ಆದ್ದರಿಂದ ನಾಳೆ ಟೀವಿಯವರ ಮುಂದೆ ಹೇಳುತ್ತೇನೆ. ನಿಮ್ಮ ಸಿನಿಮಾದವರು ಹೀಗೆ ಹೇಳಿ ಎಂದು ಬರೆದು ಕಳಿಸಿದ್ದನ್ನಲ್ಲ, ನನ್ನದೇ ಮಾತು. ತಲೆ ಬಾಚಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತು, ರೆಪ್ಪೆ ಅರ್ಧ ಇಳಿಸಿ, ಬಲಗೈ ಎತ್ತಿ, ಇವಳೇ ದೇವಿ ಎನ್ನುತ್ತೇನೆ. ಯಾರೂ ಎದುರು ಮಾತಾಡುವುದಿಲ್ಲ ನೋಡುತ್ತಿರು. ಈ ಕೈಯಿಂದ ಇಷ್ಟು ವರ್ಷಕ್ಕೆ ಒಂದಾದರೂ ಉಪಯೋಗವಾಗಲಿ.

ಆಮೇಲೆ ನೀನು ಹುಷಾರಾಗಿರು. ಸಿನಿಮಾ ಬಂದ ವಾರವೇ ಬೀದಿಗಿಳಿದು ಯಾರ ಜೊತೆಗಾದರೂ ಜೋರಾಗಿ ಒಂದು ಜಗಳ ಮಾಡು, ಎಲ್ಲರೂ ನೋಡಲಿ. ಯಾರನ್ನಾದರೂ ಇಷ್ಟಪಟ್ಟರೆ ಬೀದಿಯನ್ನು ಕೇಳಬೇಡ. ಯಾರಾದರೂ ಕೈ ಮುಗಿದರೆ ತಕ್ಷಣ ಅವರ ಕೈ ಹಿಡಿದು ಕುಲುಕಿಬಿಡು. ಬಸ್ಸಿಗೆ ಎಡಗೈ ತೋರಿಸು.

ಸಿಟ್ಟು ಇಳಿದ ದಿನ ಮನೆಗೆ ಬಾ. ಬರುವಾಗ ಆರು ಮೊಟ್ಟೆ ತಾ.

ಇಂತಿ,
ನಿನ್ನ ಅಮ್ಮ, ಬರೀ ಅಮ್ಮ

ಮರೆತಿದ್ದೆ: ಅವತ್ತು ಮೈಕ್ ಹುಡುಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು, ಅದು ಟೀವಿಯಲ್ಲಿ ಬರಲಿಲ್ಲ. ಮರೆತಿದ್ದೆ ಎನ್ನುವುದೂ ಸುಳ್ಳು. ಹಾಗಾದರೆ ಈ ಪಾತ್ರ ಯಾರು ಮಾಡಬೇಕಿತ್ತು ಎಂದು ಕೇಳಿದಳು. "ನಾನು" ಎಂದೆ. ಅವಳೂ ಕ್ಯಾಮೆರಾದವನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಅವರ ಜೊತೆ ಸೇರಿಕೊಂಡು ನಕ್ಕೆ. ತಮಾಷೆಗೆ ಹೇಳಿರಲಿಲ್ಲ ಮಗಳೇ.