ಎಂಟು ಮೀಟರ್, ಆದರೆ ಎಲ್ಲಿಂದ?

ಮಾರ್ಚ್ 30, ಸೋಮವಾರ

ನಮ್ಮ ಅಂತರ್ಜಲ ಕಚೇರಿಯ ಹಿರಿಯ ಭೂವಿಜ್ಞಾನಿ ನಾಳೆ ನಿವೃತ್ತರಾಗುತ್ತಾರೆ. ಮೂವತ್ತು ವರ್ಷ ಬಾವಿಗಳ ನೀರಿನ ಮಟ್ಟ ಅಳೆದು, "ನನ್ನ ಡೇಟಾ" ಎಂದು ಯಾರಿಗೂ ಮುಟ್ಟಲು ಬಿಡಲಿಲ್ಲ. ಬಾವಿ ಜನರದು, ಸಂಬಳ ಜನರ ತೆರಿಗೆಯದು, ಲೆಕ್ಕ ಮಾತ್ರ ಇವರಪ್ಪನ ಆಸ್ತಿಯೇ? ಹೀಗೆ ಮುಖಕ್ಕೇ ಕೇಳಿ ಕೇಳಿ ಇವತ್ತು ಫೈಲು ಪಡೆದೆ.

ತೆರೆದರೆ ಮೊದಲ ಬಾವಿಯ ಮುಂದೆ ಬರೀ "ನೀರಿನ ಆಳ, ಎಂಟು ಮೀಟರ್" ಎಂದಿದೆ.

"ಎಲ್ಲಿಂದ ಎಂಟು ಸಾರ್? ನೆಲದಿಂದಲೋ, ಬಾವಿ ಕಟ್ಟೆಯಿಂದಲೋ?"

"ನಂಗೊತ್ತಲ್ಲಮ್ಮ, ಎಲ್ಲಾ ತಲೇಲಿದೆ."

"ನಿಮ್ಮ ತಲೆನೂ ನಾಳೆ ನಿಮ್ಮ ಜೊತೆನೇ ಮನೆಗೆ ಹೋಗುತ್ತೆ ಸಾರ್. ಆಮೇಲೆ ಓದೋರು ಯಾರನ್ನ ಕೇಳ್ಬೇಕು?"

ನಕ್ಕರು. ಕುರ್ಚಿ ಎಳೆದುಕೊಂಡು ಕುಳಿತರು. ಕಟ್ಟೆಯಿಂದಲಂತೆ. ನಡುವೆ ಕೆಲವು ಕಟ್ಟೆಗಳನ್ನು ಎತ್ತರಿಸಿದ್ದಾರಂತೆ. ಅದು ಗೊತ್ತಿಲ್ಲದವರು ಓದಿದರೆ ನೀರೇ ಇಳಿಯಿತೆಂದು ಬರೆದುಬಿಡುತ್ತಾರೆ. ಸಂಜೆಯವರೆಗೂ ಒಂದೊಂದೇ ಬಾವಿಯ ಕಥೆ ಹೇಳಿದರು, ನಾನು ಟೈಪ್ ಮಾಡಿದೆ.

ಫೈಲಿನ ಕೊನೆಗೆ, ಡೇಟಾದ "ಮಾಲೀಕರು" ಎಂದಿದ್ದ ಕಡೆ ಅವರ ಹೆಸರಿತ್ತು. ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೆಸರು ಹಾಗೇ ಬಿಟ್ಟು, "ಮಾಲೀಕರು" ಅಳಿಸಿ "ಅಳೆದವರು" ಎಂದು ಬರೆದರು. ಕೆಳಗೆ, "ಯಾರು ಬೇಕಾದರೂ ಬಳಸಬಹುದು."

ಎಲ್ಲ ಕಚೇರಿಗಳಲ್ಲೂ ಮಾಲೀಕರೆಲ್ಲ ಹೀಗೆ ಅಳೆದವರಾಗಿಬಿಟ್ಟರೆ, ಆಗ ಈ ನೆಲದ ಬಗ್ಗೆ ನಮಗೆ ಇನ್ನೆಷ್ಟು ತಿಳಿದೀತೋ... ನಿದ್ದೆಗೆ ಕಣ್ಣು ಎಳೆಯುತ್ತಿದೆ.