ಗೆರೆ ದಾಟುವವರೆಗೆ

ಥಾರ್ನ್‌ಕ್ಲಿಫ್ ಪಾರ್ಕ್, ಟೊರೊಂಟೊ
ನವೆಂಬರ್ ೨೦೧೭

ತಮ್ಮಾ ದ್ಯಾಮಣ್ಣಾ,

ಫೋನಿನಲ್ಲಿ ಹೇಳಿದರೆ ನನ್ನ ಮಗನ ಕಿವಿಗೆ ಬೀಳುತ್ತದೆಂದು ಬರೆಯುತ್ತಿದ್ದೇನೆ. ಚೆಂಡನ್ನು ಕೈಯಲ್ಲೇ ಹಿಡಿದು ಓಡುವ ಇಲ್ಲಿಯ ಕಾಲೇಜು ಫುಟ್‌ಬಾಲಿನಲ್ಲಿ ಓಡಿ ದಾಖಲೆ ಮುರಿದನಲ್ಲ, ತಲೆಗೆ ಪೆಟ್ಟಾದ ಮೇಲೆ ಪ್ರಮೋದನಿಗೆ ಆ ಓಟವೇ ನೆನಪಿಲ್ಲ. ಡಾಕ್ಟರು ಸದ್ಯಕ್ಕೆ ವಿಡಿಯೊ ನೋಡಬಾರದು ಎಂದಿದ್ದಾರೆ. ಆಟವಂತೂ ಮುಗಿಯಿತು.

“ಅವ್ವಾ, ನೀ ಅಲ್ಲೇ ಇದ್ದಿ. ನಾ ಹೆಂಗ ಓಡಿದೆ? ಟೆಲ್ ಮಿ,” ಎಂದು ದಿನಾ ಕೇಳುತ್ತಾನೆ.

ಅವನ ಕೈಗೆ ಚೆಂಡು ಬಂದಾಗಲೆಲ್ಲ ನಾನು ಕೊರಳ ಲಿಂಗ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಅವತ್ತು ಜನರ ಕೂಗು ಒಮ್ಮೆಲೇ ನಿಂತಾಗ ಕಣ್ಣು ತೆರೆದೆ. ಮೈದಾನದ ಕೊನೆಯ ಗೆರೆಯಾಚೆ ಅವನು ಬಿದ್ದಿದ್ದ.

ನೀನು ಧಾರವಾಡದಲ್ಲಿ ಕೂತು ಮೊಬೈಲಿನಲ್ಲಿ ಎಲ್ಲ ನೋಡಿದ್ದೀಯ. ಭಾನುವಾರ ಅವನಿಗೆ ಫೋನ್ ಮಾಡಿ, ಕಬಡ್ಡಿ ಆಟ ಬಣ್ಣಿಸುವ ಹಾಗೆ ಹೇಳು. ಗೆರೆ ದಾಟುವವರೆಗೆ ಹೇಳಿದರೆ ಸಾಕು. ಮುಂದಿನದನ್ನು ನಾನು ನೋಡಿದ್ದೇನೆ.

ನಿನ್ನ ಅಕ್ಕ,
ರುದ್ರವ್ವ