ಕುಡಿಯದ ಹುಡುಗಿಯ ಹೆಸರಿನ ಮುಂದೆ ನೀವು ಬರೆದ ಸಾಲು

ವಿದ್ಯಾರ್ಥಿ ಕ್ಷೇಮ ವಿಭಾಗದ ಮಾನ್ಯ ಡೀನ್ ಅವರೇ,

ಲೇನಿ ವ್ಯಾನ್‌ಹೂಸ್ ಕುಡಿದಿರಲಿಲ್ಲ. ಈ ಮಾತನ್ನು ನಿಮ್ಮ ಕಚೇರಿಗೆ ನಾಲ್ಕು ಸಲ ಬರೆದು ತಿಳಿಸಿದ್ದೇನೆ, ಎರಡು ಸಲ ಖುದ್ದಾಗಿ ಬಂದು ಹೇಳಿದ್ದೇನೆ. ಕೇಳಿಸಿದಂತಿಲ್ಲ. ಆದ್ದರಿಂದ ಈಗ ಊರ ಪತ್ರಿಕೆಯಲ್ಲಿ, ಊರವರೆಲ್ಲರ ಎದುರಿಗೆ ಹೇಳುತ್ತಿದ್ದೇನೆ. ಹತ್ತೊಂಬತ್ತು ವರ್ಷದ ಆ ಹುಡುಗಿ ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡದ್ದು ಮೆನಿಂಜೈಟಿಸ್‌ನಿಂದ, ಅಂದರೆ ಮಿದುಳಿನ ಪೊರೆಗೆ ತಗಲಿದ ಸೋಂಕಿನಿಂದ. ಆಸ್ಪತ್ರೆಯ ವೈದ್ಯರು ಹಾಗೆಂದು ಬರೆದುಕೊಟ್ಟಿದ್ದಾರೆ. ನಿಮ್ಮ ಕಡತದಲ್ಲಿ ಮಾತ್ರ ಅವಳ ಹೆಸರಿನ ಮುಂದೆ ಇಂದಿಗೂ ಒಂದು ಸಾಲು ಹಾಗೇ ಇದೆ: "ಮದ್ಯಸೇವನೆಯ ನಂತರದ ಅಸ್ವಸ್ಥತೆ." ಸತ್ತವರು ಮೇಲ್ಮನವಿ ಸಲ್ಲಿಸುವುದಿಲ್ಲ ಎಂಬ ಧೈರ್ಯವೇ ತಮಗೆ?

ನಾನು ಯಾರೆಂದು ತಮಗೆ ಮರೆತಿರಬಹುದು. ವಿಶ್ವವಿದ್ಯಾಲಯದ ಪಕ್ಕದ ರಸ್ತೆಯಲ್ಲಿ, ಬಾಗಿಲ ಮೇಲೆ ಸಂಘದ ಹೆಸರಿನ ಮೂರು ಗ್ರೀಕ್ ಅಕ್ಷರಗಳಿದ್ದ ಇಟ್ಟಿಗೆ ಮನೆಯಲ್ಲಿ ನಾನು ಹದಿನಾರು ವರ್ಷ ಹೌಸ್ ಮದರ್, ಅಂದರೆ ಹುಡುಗಿಯರ ವಸತಿಯ ಮೇಲ್ವಿಚಾರಕಿ, ಆಗಿದ್ದೆ. ಐವತ್ತೆಂಟು ಹುಡುಗಿಯರ ಜೊತೆ ಅದೇ ಮನೆಯಲ್ಲಿ ಮಲಗಿ ಎದ್ದವಳು. ಅವರು ನನ್ನನ್ನು ಮಾ ಎನ್ನುತ್ತಿದ್ದರು. ಸೊರಾರಿಟಿ, ವಿದ್ಯಾರ್ಥಿನಿಯರ ಸಂಘ, ಎಂದಕೂಡಲೇ ತಮ್ಮ ತುಟಿಯಂಚಿನಲ್ಲಿ ಮೂಡುವ ನಗು ನನಗೆ ಚೆನ್ನಾಗಿ ಗೊತ್ತು. ಒಂದೇ ಬಣ್ಣದ ಅಂಗಿ, ಒಂದೇ ಥರದ ಕೂದಲು, ಕಿರುಚಾಟ, ಬಾಟಲಿ. ನಮ್ಮ ಹುಡುಗಿಯರು ದೇವತೆಗಳೆಂದು ನಾನು ಎಂದೂ ಹೇಳಿಲ್ಲ. ಅವರ ವಾಂತಿಯನ್ನು ಈ ಕೈಯಿಂದಲೇ ಬಳಿದಿದ್ದೇನೆ. ಆದರೆ ಪರೀಕ್ಷೆಯಲ್ಲಿ ನಪಾಸಾದವಳ ಕೋಣೆಯ ಮುಂದೆ ಊಟದ ತಟ್ಟೆ ಹಿಡಿದು ಒಂದು ಗಂಟೆ ನೆಲದ ಮೇಲೆ ಕೂತವರೂ ಅವರೇ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆ ಎಂಬ ಗಾದೆ ಇದೆಯಲ್ಲ? ಲೇನಿ ಆ ಸಂಜೆ ಮಜ್ಜಿಗೆಯನ್ನೂ ಕುಡಿದಿರಲಿಲ್ಲ. ಮರದ ಕೆಳಗೆ ಕೂತದ್ದೇ ಅವಳ ತಪ್ಪಾಯಿತು.

ಅವಳು ಆಗಸ್ಟಿನಲ್ಲಿ, ಎರಡನೇ ವರ್ಷಕ್ಕೆ ಬಂದಾಗ, ನಮ್ಮ ಮನೆ ಸೇರಿದಳು. ಮೂರು ಗಂಟೆಯ ದಾರಿಯ ಬೆಟ್ಟದ ಊರಿನಿಂದ ಅವಳ ತಾಯಿ ರೊಂಡಾ ಪಿಕಪ್ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದಿದ್ದರು. ಶಾಲೆಯ ಬಸ್ ಓಡಿಸುವ ಹೆಂಗಸು. ಮಾತು ಕಡಿಮೆ, ನೋಟ ನೇರ. ಮೆಟ್ಟಿಲ ಮೇಲೇ ನನ್ನನ್ನು ನಿಲ್ಲಿಸಿ ಕೇಳಿದರು: "ಇಲ್ಲಿ ಕುಡಿತ ಇದ್ಯಾ? ಇದ್ರೆ ಇದೆ ಅನ್ನಿ."

"ಇದೆ," ಎಂದೆ. "ಕುಡೀದೇ ಇರೋರೂ ಇದಾರೆ."

"ಅಮ್ಮಾ, ಬಿಯರ್ ವಾಸನೆ ಬಂದ್ರೇ ಸೀನೋಳು ನಾನು. ಸುಮ್ನೆ ಆ ದಿಂಬು ಕೊಡು," ಎಂದು ಲೇನಿ ಒಳಗೆ ನಡೆದಳು.

ಹೊಸ ಸದಸ್ಯೆಯರನ್ನು ಆರಿಸುವ ವಾರ ಬಂತು. ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾ ಹಾಡಿ, ಬಿಸಿಲಲ್ಲಿ ಸಾಲು ನಿಂತ ಹುಡುಗಿಯರನ್ನು ಬರಮಾಡಿಕೊಳ್ಳುವುದು ಪದ್ಧತಿ. ಲೇನಿಗೆ ಶ್ರುತಿಯೆಂದರೆ ಏನೆಂದೇ ಗೊತ್ತಿರಲಿಲ್ಲ. "ನೀನು ಬಾಯಿ ಆಡ್ಸು ಸಾಕು ಪುಣ್ಯಾತ್ಗಿತ್ತಿ, ದನಿ ಬಿಡ್ಬೇಡ," ಎಂದು ಅಧ್ಯಕ್ಷೆ ಮೆರೆಡಿತ್ ಎಕಫ್ ಬೇಡಿಕೊಂಡಳು. ಮೆರೆಡಿತ್ ಕೊನೆಯ ವರ್ಷದವಳು. ಸಮಯಕ್ಕೆ ಸರಿಯಾಗಿ ಎಲ್ಲವೂ ನಡೆಯಬೇಕೆನ್ನುವ ಹುಡುಗಿ. ಲೇನಿ ಬಾಯಿ ಆಡಿಸುವುದನ್ನೂ ಬಿಟ್ಟು ನೀರಿನ ಕ್ಯಾನು ಹೊತ್ತುಕೊಂಡು ಬಿಸಿಲಲ್ಲಿದ್ದವರ ಬಳಿಗೆ ಹೋದಳು. ಆ ವರ್ಷ ಸೇರಿದ ಇಪ್ಪತ್ತು ಹುಡುಗಿಯರಲ್ಲಿ ಏಳು ಮಂದಿ, ಈ ಮನೆಯನ್ನೇ ಯಾಕೆ ಆರಿಸಿದಿರಿ ಎಂದರೆ, "ಆ ನೀರು ಕೊಟ್ಟೋಳು ಇರೋ ಮನೆ ಅಂತ," ಎಂದಿದ್ದರು.

ಅಕ್ಟೋಬರಿನಲ್ಲಿ ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುವ ಫುಟ್‌ಬಾಲ್ ಶನಿವಾರ. ಎರಡು ವಾರ ನಮ್ಮ ಊಟದ ಮನೆಯ ತುಂಬ ಮೆರವಣಿಗೆಯ ರಥಕ್ಕೆಂದು ಮಡಿಸಿದ ಬಣ್ಣದ ಕಾಗದದ ಹೂಗಳು. ಪಂದ್ಯ ಮುಗಿದ ಮೇಲೆ ಊರೆಲ್ಲ ಕುಡಿಯುತ್ತದೆ ಎಂಬುದು ತಮಗೂ ಗೊತ್ತು, ತಾವೂ ಆ ದಿನ ಅತಿಥಿಗಳ ಡೇರೆಯಲ್ಲಿ ಗ್ಲಾಸು ಹಿಡಿದಿದ್ದವರೇ. ಅದಕ್ಕೇ ನಮ್ಮ ಮನೆಯಲ್ಲೊಂದು ಕಟ್ಟಳೆಯಿತ್ತು. ಪ್ರತಿ ಪಾರ್ಟಿಗೂ ಒಬ್ಬಳು ಹನಿಯನ್ನೂ ಮುಟ್ಟದೆ, ಉಳಿದವರನ್ನು ಗಾಡಿಯಲ್ಲಿ ಮನೆಗೆ ಮುಟ್ಟಿಸಬೇಕು. ಅವಳಿಗೆ ಎಚ್ಚರದಕ್ಕ ಎಂದು ಹೆಸರು. ಆ ಶನಿವಾರದ ಎಚ್ಚರದಕ್ಕ ಲೇನಿ. ಅಡುಗೆಮನೆಯ ಹಲಗೆಯ ಮೇಲೆ ಅವಳೇ ತನ್ನ ಹೆಸರು ಬರೆದು ಪಕ್ಕದಲ್ಲಿ ಬಸ್ಸಿನ ಚಿತ್ರ ಬಿಡಿಸಿದ್ದಳು. ಮೂವತ್ತೊಂದು ಹುಡುಗಿಯರನ್ನು ಅವಳು ಮನೆಗೆ ತಂದು ಬಿಟ್ಟಳು. ಆ ಮೂವತ್ತೊಂದು ಮಂದಿಯೂ ಸಹಿ ಹಾಕಿದ ಹೇಳಿಕೆ ನಿಮ್ಮ ಕಚೇರಿಯಲ್ಲಿದೆ. ಯಾರಾದರೂ ಬಿಡಿಸಿ ಓದಿದ್ದಾರೆಯೇ?

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳು ಅಡುಗೆಮನೆಗೆ ಬಂದಳು. ಒಂದು ಕೈಯಲ್ಲಿ ತಲೆ ಹಿಡಿದುಕೊಂಡು, ಇನ್ನೊಂದರಿಂದ ಕಿಟಕಿಯ ಬೆಳಕಿಗೆ ಕಣ್ಣು ಮರೆ ಮಾಡಿಕೊಂಡು. ಇನ್ನು ಮುಂದಿನದನ್ನು ನಾನು ಬರೆಯದೆ ಬಿಡಬಹುದಿತ್ತು; ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ನಕ್ಕೆ. "ಏನೇ, ರಾತ್ರಿ ಜೋರಾ?" ಎಂದೆ.

"ಮಾ, ಗಾಡಿ ಓಡ್ಸಿದ್ದು ನಾನು," ಎಂದಳು. ಬೇಜಾರಿನಿಂದಲ್ಲ, ಸುಮ್ಮನೆ ನೆನಪಿಸುವಂತೆ.

ಹಲಗೆಯ ಮೇಲೆ ಅವಳ ಹೆಸರು ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಕಾಫಿ ಕೊಟ್ಟೆ, ಅವಳು ವಾಂತಿ ಮಾಡಿಕೊಂಡಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಮೆರೆಡಿತ್ ಅವಳನ್ನು ನಿಮ್ಮ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿ ನಡೆದದ್ದನ್ನು ಮೆರೆಡಿತ್ ಹೇಳಿದಂತೆಯೇ ಬರೆಯುತ್ತೇನೆ. ನರ್ಸ್ ತಲೆಯೆತ್ತಿ ಇವರ ಅಂಗಿಯ ಮೇಲಿನ ಮೂರು ಅಕ್ಷರ ನೋಡಿದರಂತೆ.

"ಓಹೋ, ನೀವಾ? ಬೆಳಿಗ್ಗೆಯಿಂದ ನೀನು ಆರನೆಯವಳು. ಎಷ್ಟು ಏರಿಸ್ದೆ?"

"ಕುಡಿದಿಲ್ಲ ಮೇಡಂ. ಕತ್ತು ಬಗ್ಗಿಸೋಕೆ ಆಗ್ತಿಲ್ಲ," ಎಂದಳಂತೆ ಲೇನಿ.

"ಎಲ್ರೂ ಹಂಗೇ ಅನ್ನೋದು, ಚಿನ್ನ. ನಾನೇನು ನಿಮ್ಮಮ್ಮಂಗೆ ಫೋನ್ ಮಾಡಲ್ಲ."

"ಇವಳು ಗಾಡಿ ಓಡಿಸ್ತಿದ್ಳು, ಜ್ವರ ಆದ್ರೂ ನೋಡಿ," ಎಂದು ಮೆರೆಡಿತ್ ದನಿಯೆತ್ತಿದ್ದಕ್ಕೆ, "ನಿಂದೂ ಇನ್ನೂ ಇಳಿದಂಗಿಲ್ಲ," ಎಂಬ ಉತ್ತರ ಬಂತು. ಜ್ವರ ನೋಡಲಿಲ್ಲ. ಕತ್ತು ಮುಟ್ಟಲಿಲ್ಲ. ಕುಡಿದಿದ್ದಾಳೆಂದು ಅಷ್ಟು ಖಾತ್ರಿಯಿದ್ದರೆ ಅದನ್ನಾದರೂ ಪರೀಕ್ಷೆ ಮಾಡಬಹುದಿತ್ತು, ಮಾಡಲಿಲ್ಲ. ನೀರಿಗೆ ಬೆರೆಸಿ ಕುಡಿಯುವ ಉಪ್ಪು ಸಕ್ಕರೆಯ ಪೊಟ್ಟಣ, ಮಿತವಾಗಿ ಕುಡಿಯುವುದು ಹೇಗೆಂಬ ಕರಪತ್ರ, ಇಷ್ಟು ಕೊಟ್ಟು ಕಳಿಸಿದರು. ಒಟ್ಟು ಒಂಬತ್ತು ನಿಮಿಷ.

ನಾನೂ ಅವಳನ್ನು ಮಲಗಿಸಿ ಪರದೆ ಎಳೆದೆ. ಕೇಂದ್ರದವರೇ ಏನಿಲ್ಲ ಅಂದ ಮೇಲೆ ಏನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಐದಕ್ಕೆ ಸೂಪ್ ತೆಗೆದುಕೊಂಡು ಹೋದಾಗ ಅವಳ ಕಾಲಿನ ಮೇಲೆ ನೇರಳೆ ಬಣ್ಣದ ಚುಕ್ಕೆಗಳು ಎದ್ದಿದ್ದವು. ನನ್ನನ್ನು ಗುರುತಿಸಲಿಲ್ಲ. ಆಂಬುಲೆನ್ಸ್ ಬಂತು. ರೊಂಡಾ ಬಸ್ ಚಾಲಕರ ಜಾಕೆಟ್ಟಿನಲ್ಲೇ ಮೂರು ಗಂಟೆಯ ದಾರಿಯನ್ನು ಎರಡು ಗಂಟೆಗೆ ಓಡಿಸಿಕೊಂಡು ಬಂದರು. ಸೋಮವಾರ ಮಧ್ಯಾಹ್ನ ಲೇನಿ ಹೋದಳು. ಆಸ್ಪತ್ರೆಯ ವೈದ್ಯೆ ನಮ್ಮನ್ನು ಕೂರಿಸಿ ಹೇಳಿದ್ದು ಇಷ್ಟೇ: "ಬೆಳಿಗ್ಗೇನೇ ಬಂದಿದ್ರೆ ಉಳೀತಿದ್ದಳೇನೋ." ಬೆಳಿಗ್ಗೆಯೇ ಹೋಗಿದ್ದಳು, ಮಾನ್ಯರೇ.

ಮಂಗಳವಾರ ನಿಮ್ಮ ಅದೇ ಕೇಂದ್ರದಿಂದ ಆಜ್ಞೆ ಬಂತು: ಅವಳೊಂದಿಗೆ ಒಂದೇ ಮನೆಯಲ್ಲಿದ್ದವರೆಲ್ಲರೂ ಸೋಂಕು ತಡೆಯುವ ಮಾತ್ರೆ ನುಂಗಬೇಕು. ಐವತ್ತೇಳು ಹುಡುಗಿಯರು ಮತ್ತು ನಾನು ಸಾಲು ನಿಂತೆವು. ಅದೇ ನರ್ಸ್ ಮಾತ್ರೆ ಹಂಚಿದರು. ಯಾರ ಮುಖವನ್ನೂ ನೋಡಲಿಲ್ಲ. ಅವರ ಕೈ ನಡುಗುತ್ತಿತ್ತು. ಅವರ ಮೇಲೆ ನನಗೆ ಹೇಳಲಾಗದಷ್ಟು ಕೋಪವಿದೆ, ಆದರೆ ಆ ನಡುಕವನ್ನು ನಾನು ನೋಡಿದ್ದೇನೆ. ನಿಮ್ಮ ಕಡತದಲ್ಲಿ ಅಂಥದೊಂದು ನಡುಕವೂ ಇಲ್ಲ. ಮಂಗಳವಾರ ಸೋಂಕಿಗೆ ಮಾತ್ರೆ ಹಂಚಿದ ಕೇಂದ್ರ, ಮುಂದಿನ ತಿಂಗಳ ವರದಿಯಲ್ಲಿ "ಮದ್ಯಸೇವನೆಯ ನಂತರದ ಅಸ್ವಸ್ಥತೆ" ಎಂದು ಬರೆಯುತ್ತದೆ! ಅಮಲು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೆಂದು ಕಂಡುಹಿಡಿದ ಮೊದಲ ವಿಶ್ವವಿದ್ಯಾಲಯ ನಮ್ಮದೇ ಇರಬೇಕು. ಆ ವರದಿಯ ಆಧಾರದ ಮೇಲೆ ನಮ್ಮ ಮನೆಯನ್ನು ಮದ್ಯ ನಿಯಮ ಉಲ್ಲಂಘನೆಗಾಗಿ ಒಂದು ವರ್ಷ ಪರಿವೀಕ್ಷಣೆಗೆ ಒಳಪಡಿಸಿದಿರಿ. ವರದಿಯ ಒಂದು ಪ್ರತಿಯನ್ನು ಸಂತಾಪ ಸೂಚಕ ಪತ್ರದೊಂದಿಗೆ ರೊಂಡಾ ಅವರಿಗೂ ಕಳಿಸಿದಿರಿ.

ನಾನು ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಸೌಜನ್ಯದಿಂದಲೇ ಹೇಳಿದರು: "ಅಮ್ಮ, ಅದು ಕೇಂದ್ರಕ್ಕೆ ಬಂದ ಕಾರಣ. ಸತ್ತ ಕಾರಣ ಅಲ್ಲ."

"ಬಂದ ಕಾರಣ ಕತ್ತು ನೋವು ಅಂತ ಅವಳೇ ಹೇಳಿದ್ಲಲ್ಲಪ್ಪ."

"ಅಲ್ಲಿ ಸಿಬ್ಬಂದಿ ಏನು ಬರೀತಾರೋ ಅದೇ ಕಾರಣ."

"ತಪ್ಪು ಬರೆದಿದ್ರೆ?"

"ಕೇಸ್ ಮುಗಿದಿದೆ ಅಮ್ಮ. ಮುಗಿದಿದ್ದನ್ನ ತೆರೆಯೋ ಅಧಿಕಾರ ಸಮಿತಿಗೆ. ಸಮಿತಿ ಮೇ ತಿಂಗಳಲ್ಲಿ ಕೂರುತ್ತೆ."

ಜನವರಿಯಲ್ಲಿ ನಮ್ಮ ಹುಡುಗಿಯರೆಲ್ಲರೂ ಕಡ್ಡಾಯವಾಗಿ ಮದ್ಯಪಾನ ಜಾಗೃತಿ ಉಪನ್ಯಾಸಕ್ಕೆ ಹಾಜರಾಗಬೇಕೆಂದಿರಿ. ಹಾಜರಾದರು. ಕಪ್ಪು ಉಡುಪಿನಲ್ಲಿ ಬಂದು ಸಾಲಾಗಿ ಕೂತರು. ಅರ್ಧ ಗಂಟೆಯ ಮೇಲೆ ತಮ್ಮ ಉಪನ್ಯಾಸಕರು ಪರದೆಯ ಮೇಲೆ "ಒಂದು ಶನಿವಾರ ಸಾಕು" ಎಂಬ ಶೀರ್ಷಿಕೆ ತೋರಿಸಿ, ಹೆಸರು ಹೇಳದೆ ಒಂದು ಉದಾಹರಣೆ ಕೊಟ್ಟರು. ಹತ್ತೊಂಬತ್ತರ ಹುಡುಗಿ, ಅಕ್ಟೋಬರ್, ಪಂದ್ಯದ ದಿನ, ಎಡವಿದ ಒಂದು ಹೆಜ್ಜೆ. ಮೆರೆಡಿತ್ ಎದ್ದು ನಿಂತಳು.

"ಸರ್, ಆ ಹುಡುಗಿ ನಮ್ಮನೇಳು. ಅವಳು ಕುಡಿದಿರ್ಲಿಲ್ಲ. ಕುಡಿದಿದ್ದು ನಾನು. ನನ್ನನ್ನ ಮನೆಗೆ ತಂದು ಬಿಟ್ಟಿದ್ದು ಅವಳು."

"ಪ್ರಶ್ನೆಗಳನ್ನ ಕೊನೇಲಿ ತಗೋತೀವಿ," ಎಂದರು ಉಪನ್ಯಾಸಕರು.

ಐವತ್ತೇಳು ಹುಡುಗಿಯರು ಎದ್ದು ಹೊರನಡೆದರು. ಘೋಷಣೆಯಿಲ್ಲ, ಕಿರುಚಾಟವಿಲ್ಲ. ಅದನ್ನು ತಾವು "ಶಿಸ್ತುಕ್ರಮಕ್ಕೆ ಅಸಹಕಾರ" ಎಂದು ಬರೆದುಕೊಂಡಿರಿ. ತಾವು ಬರೆದದ್ದೇ ನಿಜವಾಗುವ ಪವಾಡ ನಮಗೆ ಅಷ್ಟರಲ್ಲಿ ಗೊತ್ತಾಗಿತ್ತು. ಏಪ್ರಿಲ್‌ನಲ್ಲಿ ಮೂರು ವರ್ಷಗಳ ಕಾಲ ಸಂಘದ ಮಾನ್ಯತೆ ರದ್ದಾಯಿತು. ಮೇ ತಿಂಗಳಲ್ಲಿ, ಪದವಿ ಪ್ರದಾನದ ಮರುದಿನ, ಹುಡುಗಿಯರು ಮಂಚ ದಿಂಬು ಹೊತ್ತು ಹೊರಟರು. ಬಾಗಿಲ ಮೇಲಿನ ಅಕ್ಷರಗಳನ್ನು ಕೆಲಸದವರು ಕಿತ್ತಿಳಿಸಿದರು. ಸಮಿತಿ ಕೂರಬೇಕಿದ್ದ ದಿನ ಸದಸ್ಯರ ಸಂಖ್ಯೆ ಸಾಲದೆ ಸಭೆ ಮುಂದಕ್ಕೆ ಹೋಯಿತು. ಮುಂದಿನದು ನವೆಂಬರಿನಲ್ಲಂತೆ.

ಮನೆ ಹೋದದ್ದಕ್ಕೆ ನಾನು ಅಳುತ್ತಿಲ್ಲ. ಹುಡುಗಿಯರು ಬೇರೆ ಸೂರು ಕಂಡುಕೊಳ್ಳುತ್ತಾರೆ, ನನಗೂ ವಯಸ್ಸಾಯಿತು. ನಾನು ಈ ಪತ್ರ ಬರೆಯುತ್ತಿರುವುದು ರೊಂಡಾ ಅವರ ದೂರವಾಣಿ ಕರೆಗಾಗಿ. ಪ್ರತಿ ಗುರುವಾರ ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟ ಮೇಲೆ ಅವರು ನನಗೆ ಫೋನ್ ಮಾಡುತ್ತಾರೆ. ಪ್ರತಿ ಸಲವೂ ಒಂದೇ ಪ್ರಶ್ನೆ. "ನಾನು ಕೋಪ ಮಾಡ್ಕೊಳ್ಳಲ್ಲ. ನಿಜ ಹೇಳಿ. ಕುಡಿದಿದ್ಲಾ?"

ಇಲ್ಲ ಎನ್ನುತ್ತೇನೆ. ಆಸ್ಪತ್ರೆಯ ರಕ್ತ ಪರೀಕ್ಷೆಯಲ್ಲಿ ಮದ್ಯದ ಸುಳಿವೂ ಇರಲಿಲ್ಲವೆಂದು ನೆನಪಿಸುತ್ತೇನೆ. "ಅದು ಸಂಜೆ ತೆಗೆದ ರಕ್ತ. ಅಷ್ಟೊತ್ತಿಗೆ ಇಳಿದಿರತ್ತೆ ಅಂತ ಡೀನ್ ಆಫೀಸಿನೋರು ಹೇಳಿದ್ರು," ಎನ್ನುತ್ತಾರೆ. ಬೆಳಿಗ್ಗೆ ರಕ್ತ ತೆಗೆಯದವರು ನೀವು. ಸಂಜೆಯ ರಕ್ತವನ್ನು ನಂಬಬೇಡಿ ಎಂದು ಹೆತ್ತವಳಿಗೆ ಹೇಳಿದವರೂ ನೀವು. ಹುಡುಗಿಯರೆಲ್ಲ ಸಾಕ್ಷಿ ಹೇಳುತ್ತಾರಲ್ಲ ಎಂದರೆ, "ಅವರು ಗೆಳತೀರು, ಬಿಟ್ಕೊಡ್ತಾರಾ? ಅಷ್ಟು ದೊಡ್ಡ ವಿದ್ಯಾಲಯದೋರು ಸುಳ್ಳು ಯಾಕೆ ಬರೀತಾರೆ, ಹೇಳಿ?" ಎನ್ನುತ್ತಾರೆ. ಮುದ್ರೆಯಿರುವ ಕಾಗದವನ್ನು ನಂಬಿ ಬದುಕಿದ ಹೆಂಗಸು ಅವರು. ಆ ನಂಬಿಕೆಯಿಂದಲೇ ಮಗಳನ್ನು ನಿಮ್ಮಲ್ಲಿಗೆ ಕಳಿಸಿದ್ದು.

ಕಳೆದ ಗುರುವಾರ ಅವರು ಆ ಪ್ರಶ್ನೆ ಕೇಳಲಿಲ್ಲ. ಬದಲಿಗೆ ಹೇಳಿದರು: "ಭಾನುವಾರ ಅವಳ ಸಮಾಧಿ ಹತ್ರ ಹೋಗಿದ್ದೆ. ಹೂ ಇಡೋಣ ಅಂತಾನೇ ಹೋಗಿದ್ದು. ಏನಾಯ್ತೋ, ಬಾಯಿಗೆ ಬಂದಂಗೆ ಬೈದ್ಬಿಟ್ಟೆ. ಇಷ್ಟು ಕಷ್ಟಪಟ್ಟು ಓದಿಸಿದ್ನಲ್ಲ, ಒಂದು ದಿನ ಕುಡೀದೇ ಇರೋಕೆ ಆಗ್ಲಿಲ್ವಾ ನಿಂಗೆ ಅಂತ. ಹೂ ವಾಪಸ್ ತಂದೆ."

ಮಾನ್ಯರೇ, ನಾನು ತನಿಖೆ ಕೇಳುತ್ತಿಲ್ಲ, ನರ್ಸ್ ಕೆಲಸ ಕಳೆದುಕೊಳ್ಳಲೆಂದೂ ಕೇಳುತ್ತಿಲ್ಲ. ಸಂಘಕ್ಕೆ ಮಾನ್ಯತೆ ಮರಳಿ ಕೊಡಿ ಎಂದೂ ಅಲ್ಲ. ನವೆಂಬರಿನ ಸಮಿತಿಗೆ ಕಾಯದೆ, ವಿಶ್ವವಿದ್ಯಾಲಯದ ಮುದ್ರೆಯಿರುವ ಕಾಗದದ ಮೇಲೆ, ತಮ್ಮದೇ ಸಹಿಯಡಿ, ರೊಂಡಾ ವ್ಯಾನ್‌ಹೂಸ್ ಅವರಿಗೆ ಆರು ಪದ ಬರೆದು ಕಳಿಸಿ: "ನಿಮ್ಮ ಮಗಳು ಕುಡಿದಿರಲಿಲ್ಲ. ನಾವು ತಪ್ಪು ಬರೆದೆವು." ಕರಡು ನಾನೇ ಮಾಡಿಕೊಟ್ಟಿದ್ದೇನೆ, ತಮ್ಮ ಸಮಯ ಉಳಿಯಲಿ. ಈ ವಾರವೇ ಅಂಚೆಗೆ ಹಾಕಿ. ಆ ತಾಯಿ ಇನ್ನೊಂದು ಸಲ ಹೂ ತೆಗೆದುಕೊಂಡು ಹೋಗಬೇಕಾಗಿದೆ.

ಇಂತಿ,
ಒಂದು ಕಾಲಕ್ಕೆ ಐವತ್ತೆಂಟು ಹುಡುಗಿಯರ ಮಾ,
ಈಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಗುರುವಾರಗಳಿಗೆ ಹೆದರುವ
ಲೊರೀನ್ ಟ್ಯಾಕೆಟ್